ಹಾಡು ಉಳಿಸೋದು ಹೇಗೆ? ಸ್ಯಾನ್ ಆಂಟೋನಿಯೊದಲ್ಲಿ ನೋಡಿದ್ದನ್ನು ಆಳಂದದಲ್ಲಿ ಮಾಡಬಹುದಾ?

ಆಳಂದದವ

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಚಿಕ್ಕದು, ಅದರ ಹಿಂದಿನ ಕತೆ ಉದ್ದ ಇದೆ. ಸ್ವಲ್ಪ ಸಹಿಸಿಕೊಳ್ಳಿ.

ನಾನು ಆಳಂದ ತಾಲೂಕಿನವನು. ಕೆಲಸದ ಮೇಲೆ ನಾಲ್ಕು ವರ್ಷ ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊದಲ್ಲಿದ್ದೆ. ಹೋದ ವರ್ಷ ವಾಪಸ್ ಬಂದೆ, ಈಗ ಕಲಬುರಗಿಯಲ್ಲೇ ಇದ್ದೇನೆ. ಸ್ಯಾನ್ ಆಂಟೋನಿಯೊ ಹೆಸರಿಗೆ ಅಮೆರಿಕ, ಆದರೆ ಊರಿನ ಅರ್ಧಕ್ಕಿಂತ ಜಾಸ್ತಿ ಜನ ಮೆಕ್ಸಿಕೊ ಮೂಲದವರು. 1836ರವರೆಗೆ ಅದು ಮೆಕ್ಸಿಕೊಕ್ಕೇ ಸೇರಿತ್ತು, ಅದಕ್ಕೂ ಮೊದಲು ಸ್ಪೇನಿನವರ ಕೈಯಲ್ಲಿತ್ತು. ನಮ್ಮಲ್ಲಿ 1948ರವರೆಗೆ ನಿಜಾಮರದ್ದು ನಡೆದ ಹಾಗೆ. ಆಳುವವರು ಬದಲಾದರು, ಅಡುಗೆಮನೆಯ ಮಾತು ಬದಲಾಗಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಒಬ್ಬರಿದ್ದರು. ಒಂದು ಗುರುವಾರ ಸಂಜೆ ಸುಮ್ನೆ ಬಾ ಅಂತ ಕರೆದುಕೊಂಡು ಹೋದರು. ಚರ್ಚಿನ ಹಿಂದೆ ಒಂದು ಹಾಲು. ಮಡಚುವ ಕುರ್ಚಿಗಳನ್ನು ಸುತ್ತ ಹಾಕಿದ್ದರು. ಇಪ್ಪತ್ತು ಇಪ್ಪತ್ತೈದು ಜನ. ಒಬ್ಬ ಮುದುಕ ಗಿಟಾರ್ ಶ್ರುತಿ ಮಾಡುತ್ತಾ ಮಾಡುತ್ತಾ ಹತ್ತು ನಿಮಿಷ ಕಳೆದ, ಯಾರೂ ಬೈಯಲಿಲ್ಲ. ದಪ್ಪ ಅಕ್ಷರದಲ್ಲಿ ಜೆರಾಕ್ಸ್ ಮಾಡಿದ ಹಾಳೆಗಳು, ಅದರ ಮೇಲೆ ಕಾಫಿ ಕಲೆ. ನಾನು ಕೇಳುಗರ ಕುರ್ಚಿ ಎಲ್ಲಿದೆ ಅಂತ ಹುಡುಕಿದೆ. ಇರಲೇ ಇಲ್ಲ! ಬಂದವರೆಲ್ಲ ಹಾಡುವವರೇ.

ಯಾರೋ ಒಬ್ಬರು ಎತ್ತಿಕೊಳ್ಳುತ್ತಾರೆ, ಗೊತ್ತಿದ್ದವರು ಸೇರುತ್ತಾರೆ. ಮಧ್ಯದಲ್ಲಿ ಇನ್ನೊಬ್ಬರು "ನಮ್ಮವ್ವ ಹೀಗೆ ಹಾಡುತ್ತಿರಲಿಲ್ಲ" ಅಂತ ತಡೆಯುತ್ತಾರೆ. ಸ್ವಲ್ಪ ಜಗಳ. ಆಮೇಲೆ ಎರಡೂ ಥರ ಹಾಡುತ್ತಾರೆ. ನನಗೆ ಇಷ್ಟವಾಗಿದ್ದು ಅದೇ, ಯಾವುದು ಸರಿ ಅಂತ ತೀರ್ಪು ಕೊಡುವವರು ಅಲ್ಲಿರಲಿಲ್ಲ.

ಆ ಅಜ್ಜಿ ಚಿಕ್ಕವರಿದ್ದಾಗ ಟೆಕ್ಸಾಸ್ ಶಾಲೆಗಳಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಹೊಡೆತ ಬೀಳುತ್ತಿತ್ತಂತೆ. ಹಾಗಾಗಿ ಅವರು ತಮ್ಮ ಮಕ್ಕಳಿಗೆ ಇಂಗ್ಲಿಷ್ ಮಾತ್ರ ಕಲಿಸಿದರು, ಹೊಡೆತ ತಿನ್ನೋದು ಬೇಡ ಅಂತ. ಈಗ ಮೊಮ್ಮಗಳಿಗೆ ಅಜ್ಜಿಯ ಭಾಷೆ ಅರ್ಧ ಬರುತ್ತದೆ. ಆದರೆ ಹಾಡು ಪೂರ್ತಿ ಬರುತ್ತದೆ. ಅರ್ಥ ಆಮೇಲೆ ಕೇಳಿ ತಿಳಿದುಕೊಳ್ಳುತ್ತಾಳೆ.

ಡಿಸೆಂಬರಿನಲ್ಲಿ ಅವರದ್ದು ಪೊಸಾದಾ ಅಂತ ಇರುತ್ತದೆ. 16ರಿಂದ 24ರವರೆಗೆ ಒಂಬತ್ತು ರಾತ್ರಿ. ಮೇರಿ, ಜೋಸೆಫ್ ಇಳಿದುಕೊಳ್ಳಲು ಜಾಗ ಹುಡುಕಿದ ಕತೆ. ಅರ್ಧ ಜನ ಮನೆಯ ಹೊರಗೆ ನಿಂತು ಜಾಗ ಕೊಡಿ ಅಂತ ಹಾಡುತ್ತಾರೆ, ಅರ್ಧ ಜನ ಬಾಗಿಲು ಹಾಕಿಕೊಂಡು ಒಳಗಿಂದ ಇಲ್ಲ ಹೋಗಿ ಅಂತ ಹಾಡುತ್ತಾರೆ. ಇದು ಹಾಡಿನಲ್ಲೇ ಹೋಗಿ ಬಂದು, ಕೊನೆಗೆ ಬಾಗಿಲು ತೆಗೆಯುತ್ತಾರೆ, ಒಳಗೆ ಹೋದರೆ ಬಿಸಿ ಬಿಸಿ ತಮಾಲೆ. ಮೆಕ್ಕೆಜೋಳದ ಹಿಟ್ಟಿನೊಳಗೆ ಪಲ್ಯವೋ ಮಾಂಸವೋ ಇಟ್ಟು, ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ನಾನು ಹೊರಗಿನ ಗುಂಪಿನಲ್ಲಿದ್ದೆ. ಕಾಗದದ ಲೋಟದಲ್ಲಿ ಮೇಣದಬತ್ತಿ, ಕೈಯಲ್ಲಿ ಹಾಳೆ, ಚಳಿಗೆ ಹಲ್ಲು ಕಟಕಟ. ಒಂದು ಸಾಲೂ ಸರಿಯಾಗಿ ಹಾಡಲಿಲ್ಲ. ಆದರೂ ಬಾಗಿಲು ತೆಗೆದಾಗ ಕಣ್ಣು ತುಂಬಿತು, ಯಾಕೆ ಅಂತ ಕೇಳಬೇಡಿ.

ಈಗ ನಮ್ಮ ಕತೆ. ನಮ್ಮ ಆಯಿಗೆ ಬೀಸೋ ಕಲ್ಲಿನ ಪದ ಬಹಳ ಬರುತ್ತಿದ್ದವು. ಎರಡು ವರ್ಷದ ಹಿಂದೆ ತೀರಿಕೊಂಡರು. ನನ್ನ ಹತ್ತಿರ ಉಳಿದಿರೋದು ಮೊಬೈಲಿನಲ್ಲಿ ಮಾಡಿದ 11 ನಿಮಿಷದ ರೆಕಾರ್ಡಿಂಗ್, ಅದರಲ್ಲಿ ಮೂರು ಸಲ ಕುಕ್ಕರ್ ಸೀಟಿ. ಊರಲ್ಲಿ ಇನ್ನೂ ನಾಲ್ಕೈದು ಹಿರಿಯರಿದ್ದಾರೆ. ಅವರನ್ನು ಸೇರಿಸಿ ಹಾಡಿಸೋಣ ಅಂತ ಹೋದ ಚಳಿಗಾಲದಲ್ಲಿ ಒಂದು ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದೆ. ಪೂರ್ತಿ ಕೆಟ್ಟಿತು. ವೇದಿಕೆ, ಮೈಕು, ಫ್ಲೆಕ್ಸು, ಒಂದೂವರೆ ತಾಸು ಭಾಷಣ. ಹಾರ್ಮೋನಿಯಂ ನುಡಿಸುವವ ತನ್ನ ಗಂಟಲಿಗೆ ತಕ್ಕ ಹಾಗೆ ಶ್ರುತಿ ಇಟ್ಟ. ನಮ್ಮವರು ಎರಡು ಸಾಲು ಹಾಡಿ ಸುಮ್ಮನಾದರು. ಒಬ್ಬ ಆಯಿ ಬರುವಾಗ ಕ್ರೂಸರಿನಲ್ಲಿ "ತಮ್ಮಾ, ನನಗೆಲ್ಲ ಮರೆತು ಹೋಗೇದ" ಅಂದರು. ಆ ಮಾತು ಇನ್ನೂ ಚುಚ್ಚುತ್ತದೆ.

ತಿಂಗಳಿಗೊಮ್ಮೆ ಸ್ಯಾನ್ ಆಂಟೋನಿಯೊ ಥರ ಸುತ್ತ ಕೂತು ಹಾಡುವ ಹಾಗೆ ಮಾಡಬೇಕು ಅಂತ ಆಸೆ. ಇಂಥದ್ದು ಮಾಡಿದವರು ಯಾರಾದರೂ ಇದ್ದೀರಾ? ಎಲ್ಲಿಂದ ಶುರು ಮಾಡಲಿ? ಹುಡುಗರನ್ನು ಹೇಗೆ ಕರೆತರಲಿ? ಇಲ್ಲಾ ಸುಮ್ನೆ ರೆಕಾರ್ಡ್ ಮಾಡಿ ಇಟ್ಟರೆ ಸಾಕಾ?

ಭಾಲ್ಕಿ ಅಕ್ಕ

ತಮ್ಮಾ, ಮೊದಲು ಆ ಮೈಕ್ ತೆಗೆದು ಹಾಕು.

ನಿಮ್ಮ ಆಯಿಗಳು ಏನೂ ಮರೆತಿಲ್ಲ. ಬೀಸೋ ಪದ ಬಾಯಲ್ಲಿ ಇರೋದಲ್ಲ, ಕೈಯಲ್ಲಿ ಇರೋದು. ನಮ್ಮವ್ವನದ್ದೂ ಇದೇ ಕತೆ. ನಾನು ಬಿ.ಎ. ಓದುವಾಗ ಒಂದು ನೋಟ್‌ಬುಕ್ಕು ಹಿಡಿದು ಹೇಳವ್ವ ಬರ್ಕೊತೀನಿ ಅಂದೆ. ಎರಡು ನುಡಿ ಹೇಳಿ ನಿಂತಳು, ಮುಂದಿನದು ಬರಲಿಲ್ಲ. ಸಿಟ್ಟು ಮಾಡಿಕೊಂಡು ಎದ್ದು ಹೋದಳು. ಸಂಜೆ ಕಡಲಿಬೇಳೆ ಒಡೆಯೋದಕ್ಕೆ ಅಂತ ಕಲ್ಲಿನ ಮುಂದೆ ಕೂತಳು ನೋಡು, ಗೂಟ ಹಿಡಿದು ನಾಲ್ಕು ಸುತ್ತು ತಿರುಗಿಸಿದಳು, ಪದ ತಾನೇ ಬಂತು. ಒಂದರ ಹಿಂದೆ ಒಂದು. ನನ್ನ ಕೈಯಲ್ಲಿ ಆಗ ಪೆನ್ನಿಲ್ಲ!

ಅದಕ್ಕೆ ಕಾರಣ ಇದೆ. ಕಲ್ಲು ಒಂದು ಸುತ್ತು ಬರೋದಕ್ಕೂ ಸಾಲಿಗೂ ಲೆಕ್ಕ ಇದೆ. ಕಾಳಿನ ಮುಕ್ಕು ಹಾಕುವಾಗ ಕೈ ನಿಧಾನ ಆಗುತ್ತದೆ, ಅಲ್ಲೇ ಉಸಿರು ಎಳೆದುಕೊಳ್ಳುತ್ತಾರೆ. ಎದುರುಬದುರು ಇಬ್ಬರು ಕೂತಿದ್ದರೆ ಒಬ್ಬಳು ಸಾಲು ಎತ್ತುತ್ತಾಳೆ, ಇನ್ನೊಬ್ಬಳು ಹಿಡಿದುಕೊಳ್ಳುತ್ತಾಳೆ. ಕಲ್ಲು ಇಲ್ಲದೆ ಹಾಡು ಅಂದರೆ ಹಗ್ಗ ಇಲ್ಲದೆ ನೀರು ಸೇದು ಅಂದ ಹಾಗೆ. ಗಿರಣಿ ಬಂದ ಮೇಲೆ ಹಿಟ್ಟು ಹಗುರಾಯಿತು, ಒಳ್ಳೇದೇ ಆಯಿತು, ಬೆಳಗಿನ ನಾಲ್ಕು ಗಂಟೆಗೆ ಎದ್ದು ಬೀಸಿದವರಿಗೆ ಗೊತ್ತು ಆ ಕಷ್ಟ. ಆದರೆ ಪದಕ್ಕೆ ಮನೆ ಇಲ್ಲದಂಗಾಯಿತು.

ಇನ್ನೊಂದು ಮಾತು. ಬೀಸುವಾಗ ಹಾಡೋದು ಒಂದು ಧರ್ಮದವರದ್ದು ಅಂತ ತಿಳಿಯಬೇಡ. ನಮ್ಮ ಓಣಿಯ ಮುಸಲ್ಮಾನ ಹೆಣ್ಣುಮಕ್ಕಳೂ ಹಾಡುತ್ತಿದ್ದರು. ದಖನಿಯಲ್ಲಿ ಅದಕ್ಕೆ ಚಕ್ಕಿನಾಮಾ ಅಂತಾರೆ. ಸೂಫಿಗಳು ದೇವರ ವಿಚಾರವನ್ನೆಲ್ಲ ಬೀಸೋ ಕಲ್ಲಿನ ಲೆಕ್ಕದಲ್ಲಿ ಹೇಳಿದ್ದಾರೆ, ಗೂಟ ಅಂದರೆ ಇದು, ಕಲ್ಲು ಅಂದರೆ ಅದು ಅಂತ. ನಿಮ್ಮ ಕಲಬುರಗಿಯ ಬಂದೇನವಾಜರ ಹೆಸರಿನಲ್ಲೂ ಒಂದು ಚಕ್ಕಿನಾಮಾ ಹೇಳುತ್ತಾರೆ. ಅವರನ್ನೂ ಕರೀರಿ. ಕರೆಯದೆ ಮಾಡಿದರೆ ಅರ್ಧ ಹಾಡು ಬಿಟ್ಟ ಹಾಗೆ.

ಶ್ರುತಿ ಬಗ್ಗೆ: ಹಾರ್ಮೋನಿಯಂ ಬೇಡವೇ ಬೇಡ. ಮುದುಕಿಯರ ದನಿ ಕೆಳಗೆ ಇರುತ್ತದೆ. ಅವರು ಎಲ್ಲಿ ಎತ್ತುತ್ತಾರೋ ಅದೇ ಶ್ರುತಿ, ಉಳಿದವರು ಹೊಂದಿಕೊಳ್ಳಲಿ.

ಸೇಡಂ ರೋಡ್

ಇಲ್ಲಿ ನಾನು ಬಾಯಿ ಹಾಕಲೇಬೇಕು. ಕಲಬುರಗಿಯಲ್ಲಿ ಕೂತು ಆನ್‌ಲೈನಿನಲ್ಲಿ ಸ್ಪ್ಯಾನಿಷ್ ಕಲಿಸುವವನು ನಾನು. (ಹೌದು, ಅಂಥವರೂ ಇದ್ದಾರೆ. ಮನೆಯವರಿಗೆ ಈಗಲೂ ಅದು ಕೆಲಸ ಅಂತ ನಂಬಿಕೆ ಬಂದಿಲ್ಲ.) ಅಕ್ಕಾವರು ಹೇಳಿದ ಕಲ್ಲಿನ ಮಾತು ಓದಿದ ಕೂಡಲೇ ನನಗೆ ಮೆಕ್ಸಿಕೊದ ಹಲಗೆ ನೆನಪಾಯಿತು.

ಮೆಕ್ಸಿಕೊದ ಪೂರ್ವ ಕರಾವಳಿಯಲ್ಲಿ ವೇರಾಕ್ರೂಸ್ ಅಂತ ರಾಜ್ಯ. ಅಲ್ಲಿನ ಹಾಡಿಗೆ ಸೋನ್ ಹರೋಚೊ ಅನ್ನುತ್ತಾರೆ. ಸ್ಪೇನಿನವರು ತಂದದ್ದು, ಆಫ್ರಿಕಾದಿಂದ ಗುಲಾಮರಾಗಿ ಬಂದವರದ್ದು, ಅಲ್ಲಿನ ಮೂಲದ ಜನರದ್ದು, ಮೂರೂ ಬೆರೆತದ್ದು. ನಿಮಗೆಲ್ಲ ಒಂದಾದರೂ ಗೊತ್ತಿರುತ್ತದೆ, 'ಲಾ ಬಾಂಬಾ'. 1958ರಲ್ಲಿ ರಿಚಿ ವ್ಯಾಲೆನ್ಸ್ ಅದನ್ನು ರಾಕ್ ಮಾಡಿ ಹಾಡಿದ, ಜಗತ್ತಿಗೆಲ್ಲ ಮುಟ್ಟಿತು. ಅದು ಮೂಲದಲ್ಲಿ ವೇರಾಕ್ರೂಸಿನ ಮದುವೆ ಮನೆಯ ಹಾಡು, ಗಂಡು ಹೆಣ್ಣು ಕುಣಿಯುತ್ತಾ ಕಾಲಿನಿಂದಲೇ ರಿಬ್ಬನ್ನನ್ನು ಗಂಟು ಹಾಕುತ್ತಾರೆ.

ಊರಿನವರು ಸೇರಿ ಹಾಡಿ ಕುಣಿಯುವ ರಾತ್ರಿಗೆ ಫಂದಾಂಗೊ ಅಂತ ಹೆಸರು. ಅದರ ನಡುವೆ ಇರೋದು ತರೀಮಾ. ತರೀಮಾ ಅಂದರೆ ನೆಲದಿಂದ ಒಂದು ಗೇಣು ಎತ್ತರದ ಮರದ ಹಲಗೆ, ಒಳಗೆ ಪೊಳ್ಳು. ಹೆಣ್ಣುಮಕ್ಕಳು ಜೋಡಿಯಾಗಿ ಅದರ ಮೇಲೆ ಹತ್ತಿ ಹಿಮ್ಮಡಿಯಿಂದ ತಾಳ ಹೊಡೆಯುತ್ತಾರೆ. ಅವರ ಕಾಲೇ ಡೊಳ್ಳು. ಸುತ್ತ ಹರಾನಾ ಹಿಡಿದವರು ನಿಲ್ಲುತ್ತಾರೆ. ಹರಾನಾ ಅಂದರೆ ಒಂದೇ ಮರದ ತುಂಡನ್ನು ಕೊರೆದು ಮಾಡಿದ ಚಿಕ್ಕ ಗಿಟಾರ್ ಅಂದುಕೊಳ್ಳಿ. ಒಬ್ಬ ಒಂದು ನುಡಿ ಹಾಡುತ್ತಾನೆ, ಎದುರಿನವ ಅದಕ್ಕೆ ಉತ್ತರ ಹಾಡುತ್ತಾನೆ, ಹಾಡು ಯಾವಾಗ ಮುಗಿಯುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ನಾನು ಒಂದು ಸಲ ಹೋಗಿದ್ದೆ, ಒಂದೇ ಹಾಡು ಇಪ್ಪತ್ತೈದು ನಿಮಿಷ ನಡೆಯಿತು. ಹೊಸಬರು ಹಿಂದಿನ ಸಾಲಿನಲ್ಲಿ ನಿಂತು ಮೆಲ್ಲಗೆ ತಂತಿ ಮೀಟುತ್ತಾ ಕಲಿಯುತ್ತಾರೆ. ತಪ್ಪಿದರೆ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ. ನಾನೂ ಹಾಗೇ ನಿಂತಿದ್ದೆ, ಎರಡು ತಂತಿ ಮಾತ್ರ ಸರಿಯಾಗಿ ಬಂತು. ಇದು ಬಹಳ ಮುಖ್ಯ, ಆಮೇಲೆ ಹೇಳುತ್ತೇನೆ.

ಈ ಹಾಡಿಗೂ ನಮ್ಮ ಆಳಂದದ ಆಯಿಗಳ ಗತಿಯೇ ಬಂದಿತ್ತು. ಕಳೆದ ಶತಮಾನದ ನಡುವಿನಲ್ಲಿ ಸಿನಿಮಾ, ರೇಡಿಯೊ, ಸರಕಾರಿ ನೃತ್ಯ ತಂಡಗಳು ಇದನ್ನು ವೇದಿಕೆಗೆ ತಂದವು. ಎಲ್ಲರಿಗೂ ಬಿಳಿ ಬಟ್ಟೆ. ಮೂರು ನಿಮಿಷಕ್ಕೆ ಹಾಡು ಮುಗೀಬೇಕು, ಚಪ್ಪಾಳೆ ಬೀಳಬೇಕು, ಅದಕ್ಕೆ ಓಟವೋ ಓಟ. ಪಟ್ಟಣದವರು ಇದೇ ಸೋನ್ ಹರೋಚೊ ಅಂದುಕೊಂಡರು. ಹಳ್ಳಿಯ ಫಂದಾಂಗೊ ಮಾತ್ರ ಕಮ್ಮಿ ಆಗುತ್ತಾ ಬಂತು, ಹಿರಿಯರ ಕೈಯ ವಾದ್ಯ ಗೋಡೆಗೆ ತೂಗಿತು. ಹಾಡು ಹೆಸರುವಾಸಿ ಆದಷ್ಟೂ ಹಾಡುವವರು ಕಮ್ಮಿ ಆದರು!

1977ರಲ್ಲಿ ಹಿಲ್ಬೆರ್ತೊ ಗುತಿಯೆರೆಸ್ ಮತ್ತು ಅವರ ಜೊತೆಗಾರರು ಮೋನೊ ಬ್ಲಾಂಕೊ ಅಂತ ತಂಡ ಕಟ್ಟಿದರು. ಅವರೂ ವೇದಿಕೆಯ ಮೇಲೆ ಹಾಡಿದರು, ಸುಳ್ಳು ಹೇಳಬಾರದು. ಆದರೆ ಜೊತೆಗೆ ಎರಡು ಕೆಲಸ ಮಾಡಿದರು. ಒಂದು, ಹಳ್ಳಿಯ ಹಿರಿಯ ಹಾಡುಗಾರರನ್ನು ಹುಡುಕಿಕೊಂಡು ಹೋದರು. ಅರ್ಕಾದಿಯೊ ಇದಾಲ್ಗೊ ಅನ್ನೋ ಮುದುಕರನ್ನು ತಂಡದಲ್ಲೇ ಸೇರಿಸಿಕೊಂಡರು. ಎರಡು, ಮಕ್ಕಳಿಗೆ ಹರಾನಾ ಕಲಿಸುವ ಶಿಬಿರ ಮಾಡಿ, ಕಲಿತವರನ್ನು ಸ್ಪರ್ಧೆಗೆ ಕಳಿಸಲಿಲ್ಲ, ಫಂದಾಂಗೊಕ್ಕೆ ಕಳಿಸಿದರು. ಇದರಿಂದ ಹುಟ್ಟಿದ್ದಕ್ಕೆ ಈಗ ಹರಾನೆರೊ ಚಳವಳಿ ಅನ್ನುತ್ತಾರೆ. ಅಮೆರಿಕದ ಲಾಸ್ ಏಂಜಲಿಸ್, ಶಿಕಾಗೊದಲ್ಲೂ ಫಂದಾಂಗೊ ನಡೆಯುತ್ತದೆ. 2008ರಿಂದ ತಿಹುವಾನಾ ಮತ್ತು ಸ್ಯಾನ್ ಡಿಯೆಗೊ ನಡುವಿನ ಗಡಿ ಬೇಲಿಯ ಎರಡೂ ಕಡೆ ನಿಂತು ಒಂದೇ ಹಾಡು ಹಾಡಿದ್ದಾರೆ, ಅತ್ತ ಒಂದು ತರೀಮಾ, ಇತ್ತ ಒಂದು ತರೀಮಾ.

ಅಣ್ಣಾ, ನನ್ನ ಉತ್ತರ ಇಷ್ಟೇ. ಅವರು ಹಾಡನ್ನು ಉಳಿಸಲು ಹೋಗಲಿಲ್ಲ, ಹಲಗೆಯನ್ನು ತಂದು ನಡುವೆ ಇಟ್ಟರು. ನೀವು ಕಲ್ಲು ತಂದು ಇಡಿ. ಮತ್ತೆ ಆ ಹಿಂದಿನ ಸಾಲು ಅಂದೆನಲ್ಲ, ಅದನ್ನು ಮರೆಯಬೇಡಿ. ಹಾಡಲು ಬಾರದವರು ನಾಚಿಕೆ ಇಲ್ಲದೆ ನಿಲ್ಲುವ ಒಂದು ಜಾಗ ಇಲ್ಲದಿದ್ದರೆ ಹುಡುಗರು ಬರುವುದಿಲ್ಲ. ನಮ್ಮ ಕಡೆ ಒಂದೋ ಕಲಾವಿದ, ಇಲ್ಲಾ ಪ್ರೇಕ್ಷಕ. ನಡುವೆ ಏನೂ ಇಟ್ಟಿಲ್ಲ.

ಸುರಪುರದ ಭಜನಿ

ಎಲ್ಲ ಓದಿದೆ. ಸಂತೋಷ. ಆದರೆ ಒಂದು ಕೇಳುತ್ತೇನೆ, ಇದಕ್ಕೆ ಮೆಕ್ಸಿಕೊ ಯಾಕೆ ಬೇಕಿತ್ತು ಸರ್?

ನಮ್ಮೂರಲ್ಲಿ ಹನುಮಪ್ಪನ ಗುಡಿಯಲ್ಲಿ ಪ್ರತಿ ಶನಿವಾರ ಭಜನಿ. ಊಟ ಮುಗಿಸಿ ಒಂಬತ್ತಕ್ಕೆ ಕೂತರೆ ಹನ್ನೆರಡು. ಶ್ರಾವಣದಲ್ಲಿ ದಿನಾಲೂ. ಏಕತಾರಿ, ದಮ್ಮಡಿ, ತಾಳ ಇಷ್ಟೇ. ಕುರ್ಚಿನೂ ಇಲ್ಲ, ಜಮಖಾನ ಹಾಸಿ ಕೂಡುತ್ತೇವೆ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಪಲ್ಲವಿ ಹಿಡೀತಾರೆ. ಕಡಕೋಳ ಮಡಿವಾಳಪ್ಪನವರ ತತ್ವಪದ ಹೀಗೇ ಇನ್ನೂರು ವರ್ಷ ನಡೆದು ಬಂದಿವೆ. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲ ಸಾಹೇಬರೂ ಇದ್ದರು, ಎಲ್ಲ ಜಾತಿಯವರೂ ಇದ್ದರು. ಮೊಹರಮ್ಮಿನಲ್ಲಿ ಅಲಾಯಿ ಕುಣಿ ಸುತ್ತ ಹೆಜ್ಜೆ ಹಾಕಿ ರಿವಾಯತ್ ಹಾಡುವವರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮವರೇ. ಇದಕ್ಕಿಂತ ಸಮುದಾಯ ಗಾಯನ ಇನ್ನೇನು ಬೇಕು?

ಸಿಟ್ಟಿಗೆ ಬರೆದದ್ದಲ್ಲ. ನಮ್ಮ ಮನೆ ಬಾವಿ ಬಿಟ್ಟು ಹಳ್ಳಕ್ಕೆ ಯಾಕೆ ಹೋಗಬೇಕು ಅಂತ.

ಆಳಂದದವ

ಸುರಪುರದ ಅಣ್ಣಾವರೇ, ಸತ್ಯ. ನಾಚಿಕೆಯಿಂದಲೇ ಹೇಳುತ್ತೇನೆ, ನಮ್ಮೂರ ಭಜನಿಗೆ ನಾನು ಚಿಕ್ಕವನಿದ್ದಾಗ ಎರಡು ಸಲ ಹೋಗಿದ್ದೆ, ಅದೂ ಕೊನೆಗೆ ಹಂಚುವ ಸುಸಲಾ ತಿನ್ನೋದಕ್ಕೆ. ಸ್ಯಾನ್ ಆಂಟೋನಿಯೊದಲ್ಲಿ ಪರಕೀಯನಾಗಿ ಕೂತಾಗಲೇ ಇದರ ಬೆಲೆ ತಿಳಿದದ್ದು. ಹಳ್ಳಕ್ಕೆ ಹೋದವನಿಗೇ ಮನೆ ಬಾವಿ ನೆನಪಾಯಿತು ಅಂದುಕೊಳ್ಳಿ.

ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ನಿಮ್ಮ ಭಜನಿಯಲ್ಲಿ ಹೆಣ್ಣುಮಕ್ಕಳು ಎಷ್ಟು? ಮೂವತ್ತರ ಒಳಗಿನವರು ಎಷ್ಟು?

ಸುರಪುರದ ಭಜನಿ

ಹೆಣ್ಣುಮಕ್ಕಳು ಕಟ್ಟಿ ಕೆಳಗೆ ಕೂತು ಕೇಳುತ್ತಾರೆ. ಹಾಡುವುದಿಲ್ಲ. ಹಾಡಬಾರದು ಅಂತೇನೂ ಇಲ್ಲ, ಯಾರೂ ಕರೆದಿಲ್ಲ ಅಷ್ಟೇ. ಮೂವತ್ತರ ಒಳಗೆ ಇಬ್ಬರು, ಒಬ್ಬ ನನ್ನ ಮಗ, ಬೈದು ಕೂರಿಸಿದ್ದು.

ನೀವು ಕೇಳಿದ್ದು ಸರಿ ಇದೆ.

ನಮ್ಮ ಹತ್ತಿರ ಒಂದು ವಹಿ ಇದೆ, ನಮ್ಮ ಮುತ್ಯಾ ಬರೆದದ್ದು. ಕೆಂಪು ಬಟ್ಟೆಯಲ್ಲಿ ಸುತ್ತಿ ಜಗಲಿ ಮೇಲೆ ಇಟ್ಟಿದ್ದೇವೆ. ಪದ ಎಲ್ಲ ಇದೆ. ಆದರೆ ಅದರಲ್ಲಿ ಹತ್ತು ಹನ್ನೆರಡು ಪದಕ್ಕೆ ಈಗ ಧಾಟಿ ಯಾರಿಗೂ ಗೊತ್ತಿಲ್ಲ. ಅಕ್ಷರ ಇದೆ, ದನಿ ಇಲ್ಲ. ಪೂಜೆ ಮಾಡುತ್ತೇವೆ ಅಷ್ಟೇ.

ಸೇಡಂ ರೋಡ್

ಅಣ್ಣಾವರ ವಹಿ ಓದಿ ಮೈ ಜುಮ್ಮೆಂದಿತು. ಇದೇ ಕತೆ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲೂ ಇದೆ.

ಅಲ್ಲಿನ ಗುಡ್ಡಗಾಡಿನ ಹಳ್ಳಿಗಳಲ್ಲಿ ಸ್ಪ್ಯಾನಿಷ್ ಮಾತಾಡುವ ಹಳೇ ಜನ ಇದ್ದಾರೆ. ಹಿಂದೆ ಅಲ್ಲಿಗೆ ಪಾದ್ರಿಗಳು ಬರುವುದೇ ಅಪರೂಪ ಆಗಿತ್ತು. ಹಾಗಾಗಿ ಊರ ಗಂಡಸರೇ ಒಂದು ಸಹೋದರ ಸಂಘ ಮಾಡಿಕೊಂಡು, ಸತ್ತವರ ಮನೆಯಲ್ಲಿ, ಈಸ್ಟರ್ ಮುಂಚಿನ ವಾರದಲ್ಲಿ ತಾವೇ ಪ್ರಾರ್ಥನೆ ನಡೆಸುತ್ತಿದ್ದರು. ಅವರು ಸೇರುವ ಮಣ್ಣಿನ ಗೋಡೆಯ ಮನೆಗೆ ಮೊರಾದಾ ಅಂತ ಹೆಸರು. ಹಾಡುವ ಪದಕ್ಕೆ ಅಲಬಾದೊ. ನಿಧಾನ, ಎಳೆದು ಎಳೆದು, ವಾದ್ಯ ಇಲ್ಲದೆ. ಕೆಲವೊಮ್ಮೆ ನಡುನಡುವೆ ಒಂದು ಕೊಳಲು ಮಾತ್ರ. ಪದಗಳನ್ನು ಕೈಬರಹದ ಪುಸ್ತಕದಲ್ಲಿ ಇಡುತ್ತಿದ್ದರು, ಅದಕ್ಕೆ ಕ್ವಾದೆರ್ನೊ ಅನ್ನುತ್ತಾರೆ. ಅಪ್ಪನಿಂದ ಮಗನಿಗೆ. ಧಾಟಿ ಮಾತ್ರ ಬಾಯಿಂದ ಬಾಯಿಗೆ. ನಿಮ್ಮ ವಹಿಯೇ ಅಲ್ವಾ ಅದು?

ಅದೇ ಸೀಮೆಯಲ್ಲಿ ಅರೋಯೊ ಓಂದೊ ಅನ್ನುವ ಹಳ್ಳಿಯಲ್ಲಿ ಹುಟ್ಟಿದ ಹ್ವಾನ್ ಬಿ. ರಾಯೆಲ್ ಅಂತ ಒಬ್ಬರು ಸ್ಟ್ಯಾನ್‌ಫೋರ್ಡಿನಲ್ಲಿ ಮೇಷ್ಟ್ರಾಗಿದ್ದರು. 1940ರಲ್ಲಿ ರೆಕಾರ್ಡಿಂಗ್ ಯಂತ್ರ ತೆಗೆದುಕೊಂಡು ತಮ್ಮ ಸೀಮೆಗೇ ಬಂದು ಅಲಬಾದೊ, ಕ್ರಿಸ್‌ಮಸ್ ನಾಟಕದ ಹಾಡು, ಮದುವೆ ಹಾಡು ಎಲ್ಲ ಹಿಡಿದಿಟ್ಟರು. ಅವು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಆನ್‌ಲೈನಿನಲ್ಲಿ ಪುಕ್ಕಟೆ ಕೇಳಬಹುದು. ಜೆ. ಡಿ. ರಾಬ್ ಅಂತ ಇನ್ನೊಬ್ಬರು, ಮೊದಲು ವಕೀಲರಾಗಿದ್ದವರು, 1941ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯಕ್ಕೆ ಬಂದು ಮುಂದೆ ಸುಮಾರು 3,000 ಹಾಡು ರೆಕಾರ್ಡ್ ಮಾಡಿದರು.

ಹಾಗಾಗಿ ರೆಕಾರ್ಡಿಂಗ್ ಬೇಡ ಅಂತ ನಾನು ಹೇಳುವುದಿಲ್ಲ. ರೆಕಾರ್ಡು ಹಾಡಲ್ಲ, ಬೀಜ. ಬಿತ್ತುವವರು ಇದ್ದರೆ ಮೊಳೀತದೆ. ಇಲ್ಲದಿದ್ದರೆ ಡಬ್ಬಿಯಲ್ಲಿ ಇರುತ್ತದೆ, ಕೆಡುವುದಂತೂ ಇಲ್ಲ. ಅಣ್ಣಾ, ಆಳಂದದ ಆ 11 ನಿಮಿಷ ಕುಕ್ಕರ್ ಸೀಟಿ ಸಮೇತ ಮೂರು ಕಡೆ ಕಾಪಿ ಮಾಡಿ ಇಡಿ, ಇವತ್ತೇ. ಮೊಬೈಲು ಕೈಕೊಡೋದಕ್ಕೆ ಹೇಳಿ ಕೇಳಿ ಬರುವುದಿಲ್ಲ.

ಲಾವಣಿ ಹುಚ್ಚ

ವಿಷಯ ಬಿಟ್ಟು ಹೋಗುತ್ತೇನೆ, ಬೈಯಬೇಡಿ. ಮೆಕ್ಸಿಕೊ ಹಾಡು ಅಂದ ಮೇಲೆ ಕೊರೀದೊ ಬಿಡೋದು ಹೇಗೆ? ನಮ್ಮ ಲಾವಣಿ, ಗೀಗೀ ಪದದ ಸೋದರ ಅದು. ಮೊದಲ ನುಡಿಯಲ್ಲೇ ಇಸವಿ, ಊರು ಹೇಳಿಬಿಡುತ್ತಾರೆ, ಕೊನೆಗೆ ಹಾಡುಗಾರ ಎಲ್ಲರಿಗೂ ಶರಣು ಹೇಳಿ ಇಳಿಯುತ್ತಾನೆ. ನಡುವೆ ಕುದುರೆ, ಬಂದೂಕು, ಜೈಲು.

ಒಂದು ಕತೆ ಮಾತ್ರ ಹೇಳಿ ಹೋಗುತ್ತೇನೆ. 1901, ಟೆಕ್ಸಾಸ್. ಗ್ರೆಗೋರಿಯೊ ಕೊರ್ತೆಸ್ ಅನ್ನೋ ರೈತನ ಮನೆಗೆ ಶೆರಿಫ್ ಬಂದ, ಕುದುರೆ ಕಳ್ಳನನ್ನು ಹುಡುಕಿಕೊಂಡು. ಜೊತೆಗಿದ್ದ ದುಭಾಷಿ 'ಕುದುರೆ' ಕೊಟ್ಟೆಯಾ ಅಂತ ಗಂಡು ಕುದುರೆಯ ಪದ ಬಳಸಿ ಕೇಳಿದ. ಕೊರ್ತೆಸ್ ಕೊಟ್ಟಿದ್ದು ಹೆಣ್ಣು ಕುದುರೆ, ಅದಕ್ಕೆ ಸ್ಪ್ಯಾನಿಷ್‌ನಲ್ಲಿ ಬೇರೆಯೇ ಪದ. ಇಲ್ಲ ಅಂದ. ಸುಳ್ಳು ಹೇಳುತ್ತಿದ್ದಾನೆ ಅಂತ ಮಾತು ಬೆಳೆದು ಗುಂಡು ಹಾರಿ ಅವನ ಅಣ್ಣನಿಗೆ ಗಾಯ, ಶೆರಿಫ್ ಸತ್ತ. ಹತ್ತು ದಿನ ನೂರಾರು ಜನ ಬೆನ್ನು ಹತ್ತಿದರು. ಅವನ ಹಾಡು ಗಡಿಯ ಎರಡೂ ಕಡೆ ಹಬ್ಬಿತು. ಅಮೆರಿಕೊ ಪರೇದೆಸ್ ಅಂತ ಅದೇ ಸೀಮೆಯ ವಿದ್ವಾಂಸರು 1958ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದರು. ಒಂದು ಪದದ ತಪ್ಪಿಗೆ ಇಷ್ಟೆಲ್ಲ!

ಬ್ರಿಟಿಷರ ವಿರುದ್ಧ ಎದ್ದ ನಮ್ಮ ಸುರಪುರದ ದೊರೆ ವೆಂಕಟಪ್ಪ ನಾಯಕರ 1858ರ ಕತೆಯನ್ನು ಹೀಗೆ ಪೂರ್ತಿ ಹಾಡುವವರು ಯಾರಾದರೂ ನಿಮ್ಮ ಕಡೆ ಇದ್ದರೆ ಹೇಳಿ, ಬೈಕು ಹತ್ತಿ ಬರುತ್ತೇನೆ.

ಭಾಲ್ಕಿ ಅಕ್ಕ

ಲಾವಣಿ ತಮ್ಮ, ನಿಂದು ಬೇರೆ ದಾರ ಹಾಕು, ಇಲ್ಲಿ ಗಂಟಾಗುತ್ತದೆ.

ಆಳಂದದ ತಮ್ಮಾ, ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಮುದುಕಿಯರು ಹಾಡುವ ಮೊದಲು ಮೊಬೈಲು ಎತ್ತಬೇಡ. ಕೇಳಿ ಆಮೇಲೆ ಹಿಡಿ. ಬೀಸೋ ಪದದಲ್ಲಿ ಅತ್ತೆಯ ಕಾಟ ಇರುತ್ತದೆ, ಗಂಡನ ಬೈಗುಳ ಇರುತ್ತದೆ, ತವರಿನವರು ಕರೆಯೋದಕ್ಕೆ ಬರಲಿಲ್ಲ ಅನ್ನೋ ಸಂಕಟ ಇರುತ್ತದೆ. ಅದು ನಾಲ್ಕು ಗೋಡೆ ಒಳಗೆ ಕಲ್ಲಿನ ಸದ್ದಿನಲ್ಲಿ ಹೇಳಿಕೊಂಡದ್ದು. ಯೂಟ್ಯೂಬಿಗೆ ಹಾಕಿದರೆ ಸೊಸೆ ನೋಡುತ್ತಾಳೆ, ಬೀಗರು ನೋಡುತ್ತಾರೆ. ಮುಂದೆ ಅವರು ಬಾಯಿ ತೆಗೆಯುವುದಿಲ್ಲ. ಗಂಡಸರು ಮೊದಲ ಒಂದೆರಡು ಸಲ ಹೊರಗೆ ಇರಿ, ನೀನೂ ಸೇರಿ. ನಿನ್ನ ಹೆಂಡತಿಯನ್ನೋ ತಂಗಿಯನ್ನೋ ಒಳಗೆ ಕೂರಿಸು.

ಮತ್ತೆ ಬರೀ ಹಾಡೋಣ ಬಾ ಅಂದರೆ ಯಾರೂ ಬರುವುದಿಲ್ಲ, ಹುಚ್ಚಾ ಅಂತಾರೆ. ಕೆಲಸ ಕೊಡು. ಎಳ್ಳಮಾವಾಸ್ಯೆ ಮುಂದೆ ಇದೆ, ಸಜ್ಜಿ ಕಡಬಿಗೆ ಹಿಟ್ಟು ಬೀಸೋಣ ಅಂತ ಕರಿ. ಕೆಲಸಕ್ಕೆ ಬಂದವರು ಹಾಡುತ್ತಾರೆ.

ಸೇಡಂ ರೋಡ್

ಅಕ್ಕಾವರ ಈ ಮಾತಿಗೆ ಒಂದು ಸಾಕ್ಷಿ ಸೇರಿಸುತ್ತೇನೆ, ಉದ್ದ ಮಾಡುವುದಿಲ್ಲ. 1492ರಲ್ಲಿ ಸ್ಪೇನಿನಿಂದ ಯಹೂದಿಗಳನ್ನು ಓಡಿಸಿದರು. ಅವರು ಮೊರಾಕೊ, ಟರ್ಕಿ, ಬಾಲ್ಕನ್ ಸೀಮೆಗೆ ಹೋಗಿ ನೆಲೆಸಿದರು. ಅವರ ಮನೆಗಳಲ್ಲಿ ಹಳೇ ಸ್ಪ್ಯಾನಿಷ್ ಕತೆ ಹಾಡುಗಳು 400 ವರ್ಷ ಆದ ಮೇಲೂ ಇದ್ದವು, ವಿದ್ವಾಂಸರು ಹೋಗಿ ಬರೆದುಕೊಂಡರು. ಹೆಚ್ಚಾಗಿ ಉಳಿಸಿದ್ದು ಹೆಣ್ಣುಮಕ್ಕಳು, ಅಡುಗೆ ಮಾಡುತ್ತಾ, ತೊಟ್ಟಿಲು ತೂಗುತ್ತಾ, ಮದುವೆಯಲ್ಲಿ. ಅವರಿಗೆ ಯಾರೂ ವೇದಿಕೆ ಹಾಕಿಕೊಟ್ಟಿರಲಿಲ್ಲ.

ಆಳಂದದವ

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೊದಲು ಕಲ್ಲಿನ ಕತೆ. ನಮ್ಮ ಮನೆಯದು ಹಿತ್ತಲಿನಲ್ಲಿ ಇತ್ತು. ಕೆಳಗಿನ ಕಲ್ಲು ಬಟ್ಟೆ ಒಗೆಯೋ ಜಾಗದಲ್ಲಿ, ಮೇಲಿನ ಕಲ್ಲು ದನದ ಕೊಟ್ಟಿಗೆಯ ಬಾಗಿಲಿಗೆ ಒತ್ತು. ಗೂಟ ಇರಲಿಲ್ಲ, ಜಾಲಿ ಕಟ್ಟಿಗೆಯಲ್ಲಿ ಹೊಸದು ಮಾಡಿಸಿದೆ. ಕಲ್ಲು ಸವೆದು ನುಣ್ಣಗಾಗಿತ್ತು, ಕಾಳು ಜಾರುತ್ತಿತ್ತು. ಉಳಿ ಹಾಕಿಸೋಣ ಅಂದರೆ ಆ ಕೆಲಸ ಬಲ್ಲವರು ಸಿಗಲಿಲ್ಲ. ಕೊನೆಗೆ ಪಕ್ಕದ ಊರಿನ ಒಬ್ಬರು ಸಿಕ್ಕರು, ಹತ್ತು ವರ್ಷದಿಂದ ಯಾರೂ ಕರೆದಿರಲಿಲ್ಲವಂತೆ. ಉಳಿ ಸುತ್ತಿಗೆ ಹುಡುಕೋದಕ್ಕೇ ಅವರಿಗೆ ಎರಡು ದಿನ ಹಿಡಿಯಿತು.

ಅಕ್ಕಾವರು ಹೇಳಿದ ಹಾಗೆ ಹಿಟ್ಟು ಬೀಸೋದಕ್ಕೆ ಅಂತ ಕರೆದೆವು. ಐವರು ಬಂದರು, ಅದರಲ್ಲಿ ಒಬ್ಬರು ಓಣಿಯ ಮುಸಲ್ಮಾನ ಆಯಿ. ನಾನು ಪಡಸಾಲೆಯ ಹೊರಗೆ ಕಟ್ಟೆ ಮೇಲೆ ಕೂತಿದ್ದೆ. ಮೊದಲ ಅರ್ಧ ತಾಸು ಬರೀ ಮಾತು. ಮೊಣಕಾಲು ನೋವು, ತೊಗರಿ ರೇಟು, ಯಾರದೋ ಮಗಳ ಮದುವೆ. ಸಜ್ಜಿ ಹಿಟ್ಟು ಸ್ವಲ್ಪ ಸ್ವಲ್ಪ ಬೀಳುತ್ತಿತ್ತು. ಹಾಡೇ ಇಲ್ಲ. ಇದೂ ಕೆಟ್ಟಿತು ಅಂದುಕೊಂಡೆ.

ಆಮೇಲೆ ಕ್ರೂಸರಿನಲ್ಲಿ ಮರೆತು ಹೋಗೇದ ಅಂದಿದ್ದರಲ್ಲ, ಆ ಆಯಿ ಗೂಟ ಹಿಡಿದರು. ಎದುರಿಗೆ ನನ್ನ ತಂಗಿ. ತಂಗಿಗೆ ತಿರುಗಿಸೋದು ಬರಲಿಲ್ಲ, ಎಳೆದು ಎಳೆದು ಬಿಡುತ್ತಿದ್ದಳು, ಕಲ್ಲು ತಡೆದು ತಡೆದು ಹೋಗುತ್ತಿತ್ತು. ಆಯಿ ಬೈದರು: "ಎಳೀಬ್ಯಾಡ, ಬರೋದನ್ನ ಹಿಡಕೋ." ಕಲ್ಲು ಒಂದು ಹದಕ್ಕೆ ಬಂತು. ಘರ್ರ್ ಅನ್ನೋ ಸದ್ದು ಸಮ ಆಯಿತು. ಮೊದಲು ಗುನುಗು, ಆಮೇಲೆ ಸಾಲು. ತಂಗಿ ಹೇಳಿದ್ದು, ಕಣ್ಣು ಮುಚ್ಚಿಕೊಂಡಿದ್ದರಂತೆ. ಮುಕ್ಕಾಲು ತಾಸು ನಿಲ್ಲಿಸಲಿಲ್ಲ. ನಡುವೆ ಒಂದು ಪದ ನಮ್ಮ ಆಯಿಯ ರೆಕಾರ್ಡಿಂಗಿನಲ್ಲಿ ಇರೋದೇ, ಆದರೆ ಎರಡನೇ ಸಾಲು ಬೇರೆ. ಇನ್ನೊಬ್ಬ ಹಿರಿಯರು ತಡೆದು, "ಅದು ಹಂಗಲ್ಲ ಯವ್ವಾ" ಅಂದರು. ಜಗಳ ಶುರು! ಹೊರಗೆ ಕೂತ ನನಗೆ ಸ್ಯಾನ್ ಆಂಟೋನಿಯೊದ ಆ ಹಾಲೇ ಕಣ್ಣ ಮುಂದೆ ಬಂತು, ಒಬ್ಬನೇ ನಕ್ಕೆ.

ರೆಕಾರ್ಡ್ ಮಾಡಲಿಲ್ಲ. ಮುಂದಿನ ಸಲ ಕೇಳುತ್ತೇವೆ.

ಸುರಪುರದ ಅಣ್ಣಾವರೇ, ನಿಮ್ಮ ವಹಿಯಲ್ಲಿ ಧಾಟಿ ಮರೆತ ಪದಗಳ ಮೊದಲ ಸಾಲು ಬರೆದು ಕಳಿಸಿ. ಮುಸಲ್ಮಾನ ಆಯಿಯ ತವರು ಚೆನ್ನೂರ ಕಡೆಯದಂತೆ, ಚಿಕ್ಕವರಿದ್ದಾಗ ಮನೆಯಲ್ಲಿ ತತ್ವಪದ ಕೇಳಿದ್ದು ನೆನಪಿದೆ ಅನ್ನುತ್ತಾರೆ.

ಸುರಪುರದ ಭಜನಿ

ಇವತ್ತು ರಾತ್ರಿಯೇ ವಹಿ ಬಿಚ್ಚುತ್ತೇನೆ. ಕಳಿಸುವುದು ಯಾಕೆ, ವಹಿ ಹಿಡಿದುಕೊಂಡು ನಾನೇ ಬರುತ್ತೇನೆ. ಮನೆಯವರನ್ನೂ ಕರೆದುಕೊಂಡು ಬರುತ್ತೇನೆ, ಅವರು ಒಳಗೆ, ನಾನು ನಿಮ್ಮ ಜೊತೆ ಕಟ್ಟೆ ಮೇಲೆ. ಯಾವ ದಿನ ಅಂತ ಹೇಳಿ.

ಆಳಂದದವ

ಬರುವ ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ ಊಟ ಆದ ಮೇಲೆ. ಬರುವಾಗ ಎರಡು ಸೇರು ಜೋಳ ತನ್ನಿ, ನಮ್ಮಲ್ಲಿ ಸಜ್ಜಿ ಮುಗಿದಿದೆ.